ನಾಲ್ಕು ಗಂಟೆಯ ನೆರಳು

ಸಿದ್ದಗಂಗಮ್ಮನಿಗೆ ಐವತ್ತಾರು ವರ್ಷ. ಅದರಲ್ಲಿ ಮೂವತ್ನಾಲ್ಕು ವರ್ಷ ಅವಳು ಆಸೆಪಟ್ಟದ್ದು ಒಂದನ್ನೇ. ಮನೆಯ ಮುಂದೆ ಕೂತು ಒಂದು ಲೋಟ ಕಾಫಿ ಕುಡಿಯಬೇಕು. ಕೇಳಿದವರು ನಗುತ್ತಾರೆ. ಕಾಫಿ ಸೀಮೆಯಲ್ಲೇ ಹುಟ್ಟಿ ಕಾಫಿ ಸೀಮೆಗೇ ಸೊಸೆಯಾಗಿ ಬಂದವಳಿಗೆ ಇದೂ ಒಂದು ಆಸೆಯೇ ಅನ್ನುತ್ತಾರೆ. ನಗುವವರು ಸ್ವಲ್ಪ ನೆನಪು ಮಾಡಿಕೊಳ್ಳಲಿ. ತಮ್ಮ ಮನೆಯ ಹೆಂಗಸು ಮನೆಯ ಮುಂದೆ, ಕೂತು, ಕಾಫಿ ಬಿಸಿಯಿರುವಾಗಲೇ, ಯಾರೂ ಒಳಗಿನಿಂದ ಕರೆಯದೆ ಕುಡಿದು ಮುಗಿಸಿದ್ದನ್ನು ಅವರು ಎಷ್ಟು ಸಲ ಕಂಡಿದ್ದಾರೆ?

ಮಲ್ಲಂದೂರು ಪೇಟೆ ದಾಟಿ ಒಂದು ತಿರುವು ಇಳಿದರೆ ಅವಳ ಮನೆ. ಎರಡು ಅಂಕಣದ ಹೆಂಚಿನ ಮನೆ, ಪಶ್ಚಿಮಕ್ಕೆ ಮುಖ. ಮುಂದೆ ಮೂವತ್ತಡಿ ಜಾಗ, ಅದರಾಚೆ ಬಸ್ಸು ಓಡಾಡುವ ರಸ್ತೆ, ರಸ್ತೆಯಾಚೆ ಒಂದು ಎಸ್ಟೇಟಿನ ಸಿಲ್ವರ್ ಓಕ್ ಸಾಲು, ಅದಕ್ಕೂ ಮೇಲೆ ಗಿರಿಯ ಬೆನ್ನು. ನೋಡುವುದಕ್ಕೆ ಏನೂ ಕಡಿಮೆಯಿರಲಿಲ್ಲ, ಕೂರುವುದಕ್ಕೆ ಮಾತ್ರ ಜಾಗವಿರಲಿಲ್ಲ. ಜಗಲಿಯೇನೋ ಇತ್ತು. ಆದರೆ ಅದರ ಮೇಲೆ ಗಂಡನ ಸಿಮೆಂಟ್ ಚೀಲ, ಸೆಂಟ್ರಿಂಗ್ ಹಲಗೆ, ಕರಣೆ, ತೂಗುಗುಂಡು, ಸುತ್ತಿಟ್ಟ ಹಗ್ಗ ಎಲ್ಲವೂ ಕಾಯಂ ಒಕ್ಕಲಿದ್ದವು. ಅಂಗಳ ಬರೀ ಕೆಂಪು ಮಣ್ಣು, ಮಳೆಗಾಲಕ್ಕೆ ಕೆಸರು, ಬೇಸಿಗೆಗೆ ಧೂಳು. ಅದರ ಎಡಮೂಲೆಯಲ್ಲಿ ಅವಳ ಅತ್ತೆ ನೆಟ್ಟಿದ್ದ ಹಲಸಿನ ಮರ. ಆ ಮರದ ಒಂದು ಬೇರು ಮಣ್ಣಿನಿಂದ ಮೇಲೆದ್ದು ಒಬ್ಬರು ಹೇಗೋ ಕೂರುವಷ್ಟು ಅಗಲವಾಗಿತ್ತು. ಅಕ್ಕಿ ಆರಿಸುವಾಗ, ಕುಕ್ಕರ್ ಕೂಗುವುದನ್ನು ಕಾಯುವಾಗ ಸಿದ್ದಗಂಗಮ್ಮ ಅದರ ಮೇಲೆ ಐದು ನಿಮಿಷ, ಹತ್ತು ನಿಮಿಷ ಕೂತೇಳುತ್ತಿದ್ದಳು. ಅದನ್ನು ಕೂರುವುದು ಎಂದು ಅವಳೇ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಗಂಡ ಓಂಕಾರಮೂರ್ತಿ ಸುತ್ತಮುತ್ತ ಹೆಸರುವಾಸಿ ಮೇಸ್ತ್ರಿ. ಮನೆ ಕಟ್ಟುವ ಮೇಸ್ತ್ರಿಯಲ್ಲ, ಕಣದ ಮೇಸ್ತ್ರಿ. ಕುಯ್ದ ಕಾಫಿಯನ್ನು ಒಣಗಿಸಲು ಮನೆಯೆದುರು ಹಾಕುವ ಸಿಮೆಂಟಿನ ಅಂಗಳಕ್ಕೆ ಇಲ್ಲಿ ಕಣ ಎನ್ನುತ್ತಾರೆ. ಅದರ ಇಳಿಜಾರು ಚೂರು ತಪ್ಪಿದರೂ ನೀರು ನಿಂತು ಕಾಫಿಗೆ ಬೂಷ್ಟು ಹಿಡಿಯುತ್ತದೆ. ಮೂರ್ತಿ ಮೇಸ್ತ್ರಿ ಹಾಕಿದ ಕಣದಲ್ಲಿ ನೀರು ನಿಂತದ್ದನ್ನು ಯಾರೂ ಕಂಡಿಲ್ಲ, ಬಿರುಕು ಬಿಟ್ಟದ್ದನ್ನೂ ಕಂಡಿಲ್ಲ. ಕೆಲಸ ಮುಗಿದ ದಿನ ಅವನು ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು, ಕಣದ ಮೇಲ್ತುದಿಯಲ್ಲಿ ಒಂದು ಚೊಂಬು ನೀರು ಸುರಿದು, ಅದು ಹರಿದು ಕೆಳತುದಿಯ ತೂಬು ಸೇರುವ ತನಕ ಜೊತೆಗೇ ನಡೆಯುತ್ತಿದ್ದ. ಸಾಹುಕಾರರು, ತೋಟದ ಲೆಕ್ಕ ಬರೆಯುವ ರೈಟರ್, ಆಳುಗಳು ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ನೀರು ತೂಬಿಗೆ ಬಿದ್ದ ಮೇಲೆಯೇ ಅವನು ಮಾತಾಡುತ್ತಿದ್ದುದು.

ಅವನಿಗೆ ಒಂದು ನೇಮವಿತ್ತು. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಕಣದ ಮೇಲೆ ಒಂದೆಲೆಯ ನೆರಳೂ ಬೀಳಬಾರದು. ಎಷ್ಟೋ ಮನೆಗಳಲ್ಲಿ ಅಜ್ಜ ನೆಟ್ಟ ಮಾವು, ಮಗಳು ಹುಟ್ಟಿದ ವರ್ಷ ಹಾಕಿದ ಸಂಪಿಗೆ ಎಂದು ಮನೆಯವರು ಅಂಗಲಾಚುತ್ತಿದ್ದರು. ಮರ ಬೇಕೋ ಕಾಫಿ ಬೇಕೋ ನೀವೇ ಹೇಳಿ ಎಂದು ಇವನು ಕರಣೆ ಕೆಳಗಿಟ್ಟು ಕೂರುತ್ತಿದ್ದ. ಕಾಫಿ ಸೀಮೆಯಲ್ಲಿ ಈ ಪ್ರಶ್ನೆಗೆ ಉತ್ತರ ಒಂದೇ ಇರುತ್ತದೆ.

ಹೀಗೆ ಊರವರ ಮನೆಯ ಮುಂಭಾಗವನ್ನೆಲ್ಲ ತಿದ್ದಿತೀಡಿದವನ ಮನೆಯ ಮುಂದೆ ಮಾತ್ರ ಕೆಸರು. ಇದಕ್ಕೆ ಮೂರ್ತಿಯನ್ನು ಬೈದು ಫಲವಿಲ್ಲ. ಕಣದ ಕೆಲಸವಿರುವುದೇ ಮಳೆ ಹಿಂದೆಗೆದು ಕೊಯ್ಲು ಶುರುವಾಗುವುದರೊಳಗಿನ ಎರಡು ತಿಂಗಳು. ಆ ಎರಡು ತಿಂಗಳು ಅವನು ಮನೆಯಲ್ಲಿ ಊಟಕ್ಕೂ ಸಿಗುತ್ತಿರಲಿಲ್ಲ. ಆಮೇಲೆ ತೋಟಗಳ ರಿಪೇರಿ, ಆಳುಗಳ ಲೈನ್ ಮನೆಗಳ ಕೆಲಸ, ಅಷ್ಟರಲ್ಲಿ ಮತ್ತೆ ಮಳೆ. ಮದುವೆಯಾದ ಹೊಸತರಲ್ಲಿ ಒಮ್ಮೆ ಅವಳು, ಮನೆ ಮುಂದೆ ಕೂರುವ ಹಾಗೆ ಏನಾದರೂ ಮಾಡಿಕೊಡಿ ಎಂದು ಕೇಳಿದ್ದಳು. ಈ ಸೀಸನ್ ಮುಗಿಯಲಿ ಎಂದಿದ್ದ. ಸೀಸನ್‌ಗಳು ಮುಗಿಯುತ್ತಲೇ ಹೋದವು. ಒಬ್ಬಳೇ ಮಗಳು ತನುಜಾ ಅದೇ ಅಂಗಳದಲ್ಲಿ ಚಪ್ಪರ ಹಾಕಿಸಿಕೊಂಡು ಮದುವೆಯಾಗಿ ಬೀರೂರು ಸೇರಿದಳು. ಚಪ್ಪರ ಇದ್ದ ಮೂರು ದಿನ ಅಂಗಳ ಎಷ್ಟು ಚೆಂದ ಕಂಡಿತ್ತೆಂದರೆ, ಮಗಳು ಹೊರಟ ದುಃಖದಲ್ಲೂ ಸಿದ್ದಗಂಗಮ್ಮನಿಗೆ ಚಪ್ಪರ ಬಿಚ್ಚುವುದನ್ನು ನೋಡಲಾಗಲಿಲ್ಲ. ಇದನ್ನು ಅವಳು ಯಾರಿಗೂ ಹೇಳಿಲ್ಲ.

ಮಗಳು ಹೋದ ಮೇಲೆ ಅವಳು ಮೂರು ಮೈಲಿ ಮೇಲಿನ ಒಂದು ಹೋಂಸ್ಟೇಯ ಅಡುಗೆಮನೆಗೆ ಕೆಲಸಕ್ಕೆ ಸೇರಿದಳು. ಅದನ್ನು ನಡೆಸುವವರು ರಾಜೀವ್ ಮತ್ತು ಮೇಘಶ್ರೀ ಎಂಬ ಗಂಡಹೆಂಡತಿ, ತೋಟದ ಹಳೆಯ ಮನೆಯನ್ನೇ ಅತಿಥಿಗಳಿಗೆ ಸಿದ್ಧ ಮಾಡಿದವರು. ಅಲ್ಲಿಯ ಸಿಟ್‌ಔಟ್‌ನಲ್ಲಿ ಅತಿಥಿಗಳು ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿ, ಕೈಯಲ್ಲಿ ಕಾಫಿ ಹಿಡಿದು, ಗಿರಿಯನ್ನು ನೋಡುತ್ತ ಏನೂ ಮಾಡದೆ ಕೂರುತ್ತಿದ್ದರು. ಏನೂ ಮಾಡದೆ! ಆ ಕಾಫಿ ಮಾಡಿ ತಟ್ಟೆಯಲ್ಲಿಟ್ಟು ಒಯ್ಯುವವಳು ಸಿದ್ದಗಂಗಮ್ಮ. ಅವಳಿಗೆ ಅವರ ಮೇಲೆ ಹೊಟ್ಟೆಕಿಚ್ಚಿರಲಿಲ್ಲ. ಆದರೆ ಖಾಲಿ ಲೋಟ ತರಲು ಹೋದಾಗ, ಇಷ್ಟು ಬೇಗ ಯಾಕೆ ಎದ್ದರು, ಇನ್ನೂ ಸ್ವಲ್ಪ ಹೊತ್ತು ಕೂರಬಹುದಿತ್ತಲ್ಲ ಎಂದು ಅವಳಿಗೆ ಅನ್ನಿಸುತ್ತಿತ್ತು.

ಅಲ್ಲಿ ಒಂದು ತಮಾಷೆ ನಡೆಯಿತು. ಮೇಘಶ್ರೀ ಪೇಟೆಯಿಂದ ಡಿಸೈನರನ್ನು ಕರೆಸಿ ಅಂಗಳಕ್ಕೆ ಕಲ್ಲು ಹಾಸಿಸಿ, ನಡುವೆ ಗ್ರಾನೈಟಿನ ಬೆಂಚು ಹಾಕಿಸಿದರು. ಫೋಟೋದಲ್ಲಿ ಬೆಂಚು ಬಹಳ ಚೆನ್ನಾಗಿ ಬರುತ್ತಿತ್ತು, ಕೂರುವವರು ಮಾತ್ರ ಯಾರೂ ಇಲ್ಲ. ಒಂದು ದಿನ ಸಿದ್ದಗಂಗಮ್ಮ ಸೊಪ್ಪು ಬಿಡಿಸಲು ಎರಡು ಕುರ್ಚಿಗಳನ್ನು ಎಳೆದುಕೊಂಡು ಹೋಗಿ ಅಂಗಳದಂಚಿನ ನೇರಳೆ ಮರದ ಪಕ್ಕ ಹಾಕಿದಳು. ಅವಳು ಎದ್ದದ್ದೇ ತಡ, ಅತಿಥಿಗಳು ಬಂದು ಆ ಕುರ್ಚಿ ಹಿಡಿದರು. ಮಾರನೆಯ ದಿನವೂ ಅಲ್ಲೇ. ಮೇಘಶ್ರೀಗೆ ಆಶ್ಚರ್ಯವಾಗಿ, ಅಲ್ಲಿ ಏನಿದೆ ಎಂದು ಕೇಳಿದರು.

"ನಾಲ್ಕು ಗಂಟೆ ನೆರಳು ಅಲ್ಲಿ ಬೀಳುತ್ತೆ ಮೇಡಂ. ಬೆನ್ನಿಗೆ ಮರ ಇದೆ, ಮುಖಕ್ಕೆ ದಾರಿ ಇದೆ. ಬೆನ್ನು ಖಾಲಿ ಇದ್ರೆ ಮನುಷ್ಯ ಜಾಸ್ತಿ ಹೊತ್ತು ಕೂರಲ್ಲ" ಎಂದಳು ಸಿದ್ದಗಂಗಮ್ಮ.

ಅಂದಿನಿಂದ ಆ ಮನೆಯಲ್ಲಿ ಒಂದು ಹೂವಿನ ಕುಂಡ ಸರಿಸಬೇಕಾದರೂ ಗಂಗಕ್ಕನನ್ನು ಕೇಳಿಯೇ ಸರಿಸುವುದು ರೂಢಿಯಾಯಿತು. ಬೇಸಿಗೆಯ ಸೂರ್ಯ ಎಲ್ಲಿ ಇಳಿಯುತ್ತಾನೆ, ಚಳಿಗಾಲದವನು ಎಲ್ಲಿ, ಜೋರು ಮಳೆಯ ಎರಚಲು ಎಷ್ಟಡಿ ಒಳಗೆ ಬರುತ್ತದೆ ಎಲ್ಲವೂ ಅವಳಿಗೆ ಗೊತ್ತಿತ್ತು. ಹಲಸಿನ ಬೇರಿನ ಮೇಲೆ ಐದೈದು ನಿಮಿಷ ಕೂತು ಕಲಿತ ವಿದ್ಯೆ ಅದು. ಮನೆಯಲ್ಲಿ ಇದರ ಸುದ್ದಿ ಅವಳು ಎತ್ತಲಿಲ್ಲ, ಗಂಡನೂ ಕೇಳಲಿಲ್ಲ.

ಬಸ್ಸಿನಲ್ಲಿ ಹೋಗಿಬರುವಾಗ ಅವಳು ಕಿಟಕಿ ಪಕ್ಕ ಕೂತು ರಸ್ತೆಬದಿಯ ಮನೆಗಳ ಮುಂಭಾಗವನ್ನು ನೋಡುತ್ತಿದ್ದಳು. ಇವರು ಗೇಟು ಚೆನ್ನಾಗಿ ಹಾಕಿಸಿದ್ದಾರೆ, ಬಣ್ಣ ಕಣ್ಣಿಗೆ ಹೊಡೆಯುತ್ತದೆ. ಇವರ ಕ್ರೋಟನ್ ಸಾಲು ಲಕ್ಷಣವಾಗಿದೆ, ಆದರೆ ಚಪ್ಪಲಿ ಬಿಡುವ ಜಾಗ ಬಾಗಿಲಿಗೇ ಬಂತು. ತನ್ನ ಮನೆಯ ತಿರುವು ಬಂದಾಗ ಮಾತ್ರ ಕಣ್ಣು ತಗ್ಗಿಸುತ್ತಿದ್ದಳು. ಆದರೂ ಮನಸ್ಸಿನಲ್ಲಿ ಅವಳ ಅಂಗಳ ಎಂದೋ ಮುಗಿದಿತ್ತು. ಹಲಸಿನ ಬುಡಕ್ಕೆ ಮೊಣಕಾಲೆತ್ತರದ ಕಟ್ಟೆ. ಅಲ್ಲಿಂದ ಬಾಗಿಲ ತನಕ ನಡುವೆ ಹುಲ್ಲು ಬಿಟ್ಟು ಹಾಸಿದ ಕಲ್ಲು. ರಸ್ತೆಯ ಕಡೆಗೆ ಡೇರೆ ಹೂವಿನ ಸಾಲು, ಬಸ್ಸಿನವರು ಕತ್ತು ಹೊರಳಿಸಿ ನೋಡುವ ಹಾಗೆ. ಮೇಘಶ್ರೀ ಎಸೆಯಲು ಹೊರಟಿದ್ದ ಎರಡು ಬೆತ್ತದ ಕುರ್ಚಿಗಳನ್ನು ಅವಳು ಕೇಳಿ ತಂದು, ಹರಿದ ಕಡೆ ಪ್ಲಾಸ್ಟಿಕ್ ಹಗ್ಗ ಹೆಣೆದು ಅಟ್ಟಕ್ಕೆ ಹಾಕಿದ್ದಳು. ಡೇರೆ ಗೆಡ್ಡೆಗಳನ್ನು ಮರಳಿನಲ್ಲಿ ಹುಗಿದಿಟ್ಟಿದ್ದಳು. ಹೋದ ವರ್ಷ ದಸರೆಗೆ ಮುಂಚೆ ಒಂದು ಸಂಜೆ, ಗಂಡ ಸ್ವಲ್ಪ ಹಗುರಾಗಿದ್ದಾಗ, ಕೋಲು ಹಿಡಿದು ಅಂಗಳದಲ್ಲಿ ಗೀರಿ ಇಷ್ಟನ್ನೂ ತೋರಿಸಿದಳು. ಅವನು ಹೂಂಗುಟ್ಟಿದ. ಅವನ ಕಣ್ಣು ಕೋಲಿನ ಮೇಲಿರದೆ ಮಣ್ಣಿನ ಮಟ್ಟದ ಮೇಲಿದ್ದದ್ದನ್ನು ಅವಳು ಗಮನಿಸಬೇಕಿತ್ತು. ಸಂತೋಷದಲ್ಲಿದ್ದವಳು ಗಮನಿಸಲಿಲ್ಲ.

ದಸರೆ ರಜೆಗೆ ಹೋಂಸ್ಟೇ ತುಂಬಿತು. ಹದಿನಾರು ದಿನ ಅಲ್ಲೇ ಉಳಿಯಬೇಕೆಂದು ಮೇಘಶ್ರೀ ಕೇಳಿಕೊಂಡರು. ಅದೇ ಹೊತ್ತಿಗೆ ಮೂರ್ತಿ ಒಪ್ಪಿಕೊಂಡಿದ್ದ ಒಂದು ಕಣದ ಕೆಲಸ ಮುಂದಕ್ಕೆ ಹೋಯಿತು. ಮೂವತ್ನಾಲ್ಕು ವರ್ಷದಲ್ಲಿ ಮೊದಲ ಸಲ ಕಣದ ಕೆಲಸದ ಎರಡು ತಿಂಗಳಲ್ಲಿ ಅವನ ಕೈ ಖಾಲಿಯಾಯಿತು.

ಅವಳು ವಾಪಸು ಬಂದದ್ದು ಬೆಳಿಗ್ಗೆ ಹನ್ನೊಂದಕ್ಕೆ. ಬಸ್ಸು ತಿರುವು ಇಳಿಯುವಾಗ ಕಣ್ಣು ತಗ್ಗಿಸಿದ್ದವಳಿಗೆ ಮುಖದ ಮೇಲೆ ಬೆಳಕು ಹೊಡೆದಂತಾಯಿತು. ತಲೆಯೆತ್ತಿದರೆ ಮನೆಯ ಮುಂದೆ ಮೂವತ್ತಡಿ ಉದ್ದಕ್ಕೂ ಬಿಳಿ. ಹತ್ತಡಿ ಚೌಕಗಳು, ನಡುವೆ ಟಾರು ತುಂಬಿದ ಗೆರೆ, ಅಂಚಿಗೆ ಗೇಣೆತ್ತರದ ಕಟ್ಟು, ಕೆಳತುದಿಗೆ ತೂಬು. ಮರವಿದ್ದ ಎಡಮೂಲೆಯಲ್ಲಿ ಬರೀ ಆಕಾಶ.

ಅವಳಿಗೆ ಮೊದಲು ಅರ್ಥವಾಗಲೇ ಇಲ್ಲ. ತನ್ನ ಮನೆಯಲ್ಲವೇನೋ ಅನ್ನಿಸಿತು.

ಮೂರ್ತಿ ಒಗೆದ ಅಂಗಿ ತೊಟ್ಟು, ವಿಭೂತಿ ಹಚ್ಚಿ ಕಾಯುತ್ತಿದ್ದ. ಪಕ್ಕದ ಮನೆಯ ಚಿಕ್ಕಯ್ಯನೂ ನೋಡಲು ಬಂದಿದ್ದ. ಎರಡೆಕರೆ ಕಾಫಿಯಿಟ್ಟುಕೊಂಡು, ಕಣವಿಲ್ಲದೆ ಟಾರ್ಪಾಲಿನ ಮೇಲೆ ಒಣಗಿಸುವ ಮನುಷ್ಯ. ಬೆತ್ತದ ಕುರ್ಚಿಗಳು ಅಟ್ಟದಿಂದಿಳಿದು, ಒರೆಸಿಕೊಂಡು, ಸರಿಯಾಗಿ ಕಣದ ನಟ್ಟನಡುವೆ ಬಿಸಿಲಲ್ಲಿ ನಿಂತಿದ್ದವು. ಚಪ್ಪಲಿ ಅಲ್ಲೇ ಬಿಟ್ಟು ಬಾ ಎಂದ ಮೂರ್ತಿ. ಅವಳು ಬಿಟ್ಟಳು. ಒಂದು ಚೊಂಬು ನೀರು ಸುರಿದು ತೂಬಿನ ತನಕ ಜೊತೆಗೆ ನಡೆದು ತೋರಿಸಿದ. ಚಿಕ್ಕಯ್ಯ ತಲೆದೂಗಿದ.

"ಕೂತ್ಕೊ ಗಂಗಾ. ಎಷ್ಟು ವರ್ಷದಿಂದ ಕೇಳ್ತಿದ್ದೆ" ಎಂದ ಮೂರ್ತಿ.

ಅವಳು ಕೂತಳು. ಸಿಮೆಂಟಿನ ಝಳ ಕೆಳಗಿನಿಂದ, ಬಿಸಿಲು ಮೇಲಿನಿಂದ. ಕಣ್ಣಲ್ಲಿ ನೀರು ತುಂಬಿ ಇಳಿಯಿತು. ಸಂತೋಷಕ್ಕೆ ಅಳುತ್ತಾಳೆ ನೋಡಿ ಎಂದು ಚಿಕ್ಕಯ್ಯನಿಗೆ ಹೇಳಿ ಮೂರ್ತಿ ಬೇರೆ ಕಡೆ ಮುಖ ತಿರುಗಿಸಿದ. ಅವನ ಕಣ್ಣೂ ಒದ್ದೆಯಾಗಿತ್ತು. ಅದನ್ನು ನೋಡಿದವಳು, ಮರ ಎಲ್ಲಿ ಎಂದು ಕೇಳಬೇಕಿದ್ದ ಮಾತನ್ನು ನುಂಗಿಕೊಂಡು ಎದ್ದು ಒಳಗೆ ಹೋಗಿ ಕಾಫಿಗೆ ನೀರಿಟ್ಟಳು. ಮರ ಹಿತ್ತಲಲ್ಲಿತ್ತು. ತುಂಡು ಮಾಡಿ, ಬುಡ ಒಂದು ಕಡೆ ತುದಿ ಒಂದು ಕಡೆ ಅಚ್ಚುಕಟ್ಟಾಗಿ ಪೇರಿಸಿಟ್ಟಿದ್ದ. ಮೂರ್ತಿಯ ಕೆಲಸದಲ್ಲಿ ಅಚ್ಚುಕಟ್ಟಿಗೆ ಕೊರತೆಯಿಲ್ಲ.

ಅದೇ ಹಿತ್ತಲ ತಿಪ್ಪೆಯಲ್ಲಿ, ಆ ಮಳೆಗಾಲ ಎಸೆದಿದ್ದ ಹಲಸಿನ ಸಿಪ್ಪೆಯ ನಡುವೆ, ಬೀಜ ಮೊಳೆತು ಎದ್ದಿದ್ದ ನಾಲ್ಕೈದು ಸಸಿಗಳಿದ್ದವು. ಪ್ರತಿವರ್ಷ ಕಿತ್ತೆಸೆಯುತ್ತಿದ್ದಳು. ಈ ಸಲ ಒಂದನ್ನು ಬೇರು ಸಮೇತ ಎತ್ತಿ ಖಾಲಿ ಪೇಂಟ್ ಡಬ್ಬಿಯಲ್ಲಿ ನೆಟ್ಟಳು. ಎಲ್ಲಿಡುವುದೆಂದು ಗೊತ್ತಿರಲಿಲ್ಲ.

ಡಿಸೆಂಬರಿನಲ್ಲಿ ಕೊಯ್ಲು ಶುರುವಾಯಿತು. ಚಿಕ್ಕಯ್ಯ ಬಂದು, ಇಷ್ಟು ಒಳ್ಳೆ ಕಣ ಖಾಲಿ ಬಿದ್ದಿದೆಯಲ್ಲ ಎಂದು ರಾಗ ಎಳೆದ. ಅವನ ಮಾತು ಮುಗಿಯುವುದಕ್ಕೆ ಮೊದಲೇ ಮೂರ್ತಿ ಒಪ್ಪಿದ. ಮೇಸ್ತ್ರಿಗೆ ತನ್ನ ಕಣದ ಮೇಲೆ ಕಾಫಿ ಬಿದ್ದದ್ದನ್ನು ನೋಡುವುದೇ ಹಬ್ಬ. ಕೆಂಪು ಹಣ್ಣು ಬಂದು ಬಿತ್ತು, ಕಂದಿತು, ಕಪ್ಪಾಯಿತು. ಚಿಕ್ಕಯ್ಯನ ಮನೆಯವರು ದಿನವಿಡೀ ಮರದ ಹಲಗೆಯಲ್ಲಿ ಎಳೆದು ಹರವಿದರು. ಕುರ್ಚಿಗಳು ಮತ್ತೆ ಅಟ್ಟ ಹತ್ತಿದವು. ಕಾಫಿ ಹರವಿದ ಕಣವನ್ನು ಚಪ್ಪಲಿ ಹಾಕಿ ದಾಟುವ ಹಾಗಿಲ್ಲ. ಸಿದ್ದಗಂಗಮ್ಮ ಕೆಲಸದಿಂದ ಬಂದವಳು ಚಪ್ಪಲಿ ಕೈಯಲ್ಲಿ ಹಿಡಿದು ಅಂಚಿನ ಕಟ್ಟಿನ ಮೇಲೆ ಕಾಲಿಡುತ್ತ, ಬೇರೆಯವರ ಮನೆಗೆ ಹೋಗುವವಳ ಹಾಗೆ ತನ್ನ ಬಾಗಿಲು ಸೇರುತ್ತಿದ್ದಳು. ಹಳೆಯ ಕೆಸರಂಗಳ ಅವಳಿಗೆ ನೆನಪಾಗುತ್ತಿತ್ತು. ಅದಕ್ಕಾದರೂ ಒಂದು ಬೇರಿತ್ತು. ಈಗ ಐದು ನಿಮಿಷವೂ ಇಲ್ಲ. ಇದ್ದಾಗ ಕೂರುವುದೆಂದು ಲೆಕ್ಕಕ್ಕೆ ಹಿಡಿಯದಿದ್ದ ಆ ಐದು ನಿಮಿಷಕ್ಕಾಗಿ ಅವಳ ಜೀವ ಎಷ್ಟು ಹಂಬಲಿಸಿತೆಂದು ಹೇಳಿದರೆ ನಂಬುವವರು ಕಡಿಮೆ.

ರಸ್ತೆಯ ಆಚೆ, ಸಿಲ್ವರ್ ಓಕ್ ಸಾಲಿನ ಕೆಳಗೆ ಒಂದು ಮೋರಿಕಟ್ಟೆ. ಜನವರಿಯ ಒಂದು ಸಂಜೆ, ಬೇಗ ಬಂದಿದ್ದ ಸಿದ್ದಗಂಗಮ್ಮ ಕಾಫಿ ಲೋಟ ಹಿಡಿದುಕೊಂಡೇ ರಸ್ತೆ ದಾಟಿ ಹೋಗಿ ಅದರ ಮೇಲೆ ಕೂತಳು. ನಾಲ್ಕು ಗಂಟೆಯ ನೆರಳಿತ್ತು. ಕೂತು ನೋಡಿದರೆ ಎದುರಿಗೆ ತನ್ನ ಮನೆ. ಮೂವತ್ನಾಲ್ಕು ವರ್ಷದಲ್ಲಿ ಅದನ್ನು ಅವಳು ಎದುರಿನಿಂದ, ಕೂತು ನೋಡಿರಲಿಲ್ಲ. ಕಣ ನಿಜಕ್ಕೂ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಎಲ್ಲೂ ಅಂಕುಡೊಂಕಿಲ್ಲ. ಕಾಫಿ ತಣ್ಣಗಾಗುವ ಮುಂಚೆ ಕುಡಿದಳು.

ಅಷ್ಟರಲ್ಲಿ ಗಿರಿಯ ಕಡೆ ಹೋಗುವ ಬಸ್ಸು ಬಂದು ಅವಳ ಮುಂದೆ ನಿಂತಿತು. ಅವಳು ಕೈಯಾಡಿಸಿ ಇಲ್ಲವೆಂದಳು. ಮಾರನೆಯ ದಿನವೂ ಅವಳು ಬಂದು ಕೂತಳು, ಬಸ್ಸೂ ನಿಂತಿತು. ವಾರ ಕಳೆದರೂ ಡ್ರೈವರಿಗೆ ನಂಬಿಕೆ ಬರಲಿಲ್ಲ. ರಸ್ತೆಬದಿಯಲ್ಲಿ ಒಬ್ಬ ಹೆಂಗಸು ಸುಮ್ಮನೆ ಕೂತಿರುತ್ತಾಳೆ ಎಂಬುದನ್ನು ಆ ರೂಟಿನ ಯಾವ ಡ್ರೈವರ್ ತಾನೇ ನಂಬುತ್ತಾನೆ? ಕೊನೆಗೆ ಕಂಡಕ್ಟರ್ ಬಸವರಾಜು ಪೇಟೆಯಲ್ಲಿ ಮೂರ್ತಿಯನ್ನು ಹಿಡಿದ.

"ಎಂತ ಮೇಸ್ತ್ರಿ, ನಿಮ್ಮ ಮನೆಯವ್ರು ದಿನಾ ಮೋರಿ ಮೇಲೆ ಕೂತಿರ್ತಾರೆ, ಹತ್ತಿ ಅಂದ್ರೆ ಹತ್ತಲ್ಲ. ಎಲ್ಲಿಗೆ ಹೋಗ್ಬೇಕಂತೆ ಕೇಳಿ ಮಾರಾಯ್ರೆ."

ಜೊತೆಗಿದ್ದವರು ನಕ್ಕರು. ಮೂರ್ತಿಯೂ ನಕ್ಕಂತೆ ಮಾಡಿದ. ಆದರೆ ಆ ಮಾತು ಅವನಿಗೆ ನಾಟಿತು. ಅವನು ಅವತ್ತು ಕೆಲಸ ಅರ್ಧಕ್ಕೆ ಬಿಟ್ಟು ಮನೆಗೆ ಬಂದ.

ಅವಳು ಮೋರಿಯ ಮೇಲಿದ್ದಳು. ಅವನು ಒಳಗೆ ಹೋಗಿ, ತಾನೇ ಕಾಫಿ ಬಗ್ಗಿಸಿಕೊಂಡು, ರಸ್ತೆ ದಾಟಿ ಬಂದು ಪಕ್ಕದಲ್ಲಿ ಕೂತ. ಮೊದಲು ಕಣ್ಣು ಹೋದದ್ದು ಕಣದ ಕಡೆಗೆ. ಇಲ್ಲಿಂದ ನೋಡಿದರೆ ಇಳಿಜಾರು ಎಷ್ಟು ಸಮ ಬಂದಿದೆ ಎಂದ. ಹೌದು, ಚೆನ್ನಾಗಿ ಬಂದಿದೆ ಎಂದಳು. ಅರ್ಧ ಕಾಫಿ ಕುಡಿದ ಮೇಲೆ ಅವನೇ ಕೇಳಿದ.

"ಎಲ್ಲಿಗಾದ್ರೂ ಹೋಗ್ಬೇಕು ಅನ್ಸಿದೆಯಾ ನಿಂಗೆ?"

"ಎಲ್ಲಿಗೂ ಇಲ್ಲ. ಮನೆ ಮುಂದೆ ಕೂರ್ಬೇಕು ಅನ್ಸಿದೆ."

"ಮಾಡ್ಕೊಟ್ಟಿದೀನಲ್ಲ ಮಾರಾಯ್ತಿ."

"ನೀವು ಕಣ ಮಾಡಿದ್ರಿ. ನಾನು ಕೇಳಿದ್ದು ಕೂರೋಕೆ ಜಾಗ." ಅವಳ ದನಿ ಏರಲಿಲ್ಲ. "ಇದ್ದ ಒಂದು ಜಾಗಾನೂ ಹೋಯ್ತು. ಆ ಮರ ಯಾಕೆ ಕಡಿದ್ರಿ?"

"ಯಾಕೆ ಅಂದ್ರೆ? ಕಣದ ಮೇಲೆ ನೆರಳು ಬೀಳ್ಬಾರ್ದಲ್ಲ" ಎಂದ ಮೂರ್ತಿ. ಎಂದವನಿಗೆ ತನ್ನ ಮಾತು ತನಗೇ ಕೇಳಿಸಿತು.

ಈ ಮಾತನ್ನು ಅವನು ಸಾವಿರ ಸಲ ಆಡಿದ್ದ. ಆಡುವಾಗೆಲ್ಲ ಎದುರಿಗೆ ಕಾಫಿ ಬೆಳೆಯುವವರಿರುತ್ತಿದ್ದರು. ಅವನ ಮನೆಯಲ್ಲಿ ಒಂದು ಗಿಡ ಕಾಫಿಯೂ ಇಲ್ಲ. ಅದು ಅವನಿಗೆ ಈಗ ಹೊಳೆಯಿತು. ಲೋಟವನ್ನು ಕಟ್ಟೆಯ ಮೇಲಿಟ್ಟು, ಚಿಕ್ಕಯ್ಯನ ಕಾಫಿ ಹರವಿದ್ದ ಕಣವನ್ನೂ ಎಡಮೂಲೆಯ ಖಾಲಿ ಆಕಾಶವನ್ನೂ ನೋಡುತ್ತ ಕೂತ. ಸಿದ್ದಗಂಗಮ್ಮನಿಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು, ಬಂದದ್ದು ಅಯ್ಯೋ ಅನ್ನಿಸುವಂಥ ಸಂಕಟ. ಕಣ ಕಂಡ ದಿನವೇ ಬಾಯಿಬಿಟ್ಟು ಹೇಳದ ತನ್ನ ಮೇಲೂ ಬೇಸರವಾಯಿತು. ಬಸ್ಸು ಬಂದು ನಿಂತಿತು. ಈ ಸಲ ಇಬ್ಬರೂ ಕೈಯಾಡಿಸಿದರು.

ಅದರ ಮೇಲೆ ಅವನು ತಿಂಗಳು ಕಳೆದರೂ ಆ ಸುದ್ದಿ ಎತ್ತಲಿಲ್ಲ. ಅವಳೂ ನಿರೀಕ್ಷೆ ಇಟ್ಟುಕೊಳ್ಳಲಿಲ್ಲ. ಮಾರ್ಚ್ ಮೊದಲ ವಾರ ಚಿಕ್ಕಯ್ಯ ಕೊನೆಯ ಮೂಟೆ ಹೊಲಿದು ಕಣ ಗುಡಿಸಿಕೊಟ್ಟು ಹೋದ. ಆ ಭಾನುವಾರ ಮಧ್ಯಾಹ್ನ ಮೂರ್ತಿ ಜಗಲಿಯ ಮೇಲಿನ ಸಾಮಾನುಗಳನ್ನೆಲ್ಲ ಒಂದೊಂದಾಗಿ ಹಿತ್ತಲಿಗೆ ಸಾಗಿಸಿದ. ಆಮೇಲೆ ಉಳಿ, ದೊಡ್ಡ ಸುತ್ತಿಗೆ, ಒಂದು ಬುಟ್ಟಿಯಲ್ಲಿ ಗುರುತು ಹಾಕಲು ಸುಣ್ಣ ತಂದು ಕಣದ ಅಂಚಿನಲ್ಲಿಟ್ಟ. ಹಿತ್ತಲಿಂದ ಪೇಂಟ್ ಡಬ್ಬಿಯ ಸಸಿಯನ್ನೂ ತಂದ. ಅವನು ಅದನ್ನು ನೋಡಿದ್ದಾನೆಂದು ಅವಳಿಗೆ ಗೊತ್ತಿರಲಿಲ್ಲ.

"ಎಲ್ಲಿ ಬೇಕು ಹೇಳು" ಎಂದ.

ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ಅವಳನ್ನು ಯಾರೂ ಕೇಳದ ಮಾತು. ಮುಂಚಿನ ಮೂಲೆಯಲ್ಲೇ ಇಡೋಣ, ಒಂದೇ ಚೌಕ ಒಡೆದರೆ ಸಾಕು, ಉಳಿದದ್ದು ಕಣವಾಗಿಯೇ ಇರುತ್ತದೆ ಎಂದು ಅವನೇ ಸೇರಿಸಿದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಮೂಲೆಯಲ್ಲಿಟ್ಟರೆ ನೆರಳು ಹೋಗಿ ಸೇರುವುದು ಹಿತ್ತಲ ದಾರಿಗೆ. ಹಳೆಯ ಮರ ಅತ್ತೆ ಕಂಡಕಂಡಲ್ಲಿ ನೆಟ್ಟದ್ದು, ಇದು ತಾನು ನೋಡಿ ನೆಡುವುದು. ಅಟ್ಟದಿಂದ ಒಂದು ಕುರ್ಚಿ ಇಳಿಸಿ ಬಾಗಿಲಿಂದ ನಾಲ್ಕು ಹೆಜ್ಜೆ ಮುಂದೆ, ಬೆನ್ನು ಜಗಲಿಗೆ ಬರುವಂತೆ ಹಾಕಿದಳು. ಗಂಡನ ಕೈಗೆ ಒಂದು ಉದ್ದನೆಯ ಬಿದಿರು ಗಳು ಕೊಟ್ಟು, ತುದಿಗೆ ಗೋಣಿಚೀಲ ಸಿಕ್ಕಿಸಿ, ಮರದ ಹಾಗೆ ಎತ್ತಿ ಹಿಡಿದು ನಿಲ್ಲಿ ಎಂದಳು. ಒಳಗೆ ಹೋಗಿ ನಾಲ್ಕು ಹೊಡೆಯುವುದನ್ನು ಕಾದು, ಒಂದು ಲೋಟ ಕಾಫಿ ಹಿಡಿದು ಬಂದು ಕೂತಳು.

ಎಡಕ್ಕೆ ಎಂದಳು. ಮೂರ್ತಿ ಸರಿದ. ಇನ್ನೂ ಸ್ವಲ್ಪ. ಬೇಸಿಗೆಗೆ ಸೂರ್ಯ ಬಲಕ್ಕೆ ಹೋಗುತ್ತಾನೆ, ಅದಕ್ಕೆ ಒಂದು ಹೆಜ್ಜೆ ಬಿಡಿ. ಹೀಗೆ ಸರಿದು ಸರಿದು ಅವನು ಬಂದು ನಿಂತದ್ದು ಕಣದ ನಟ್ಟನಡುವಿನ ಚೌಕದಲ್ಲಿ. ನಡುವೆ ಒಡೆದರೆ ಹಲಗೆ ಎಳೆಯಲಾಗುವುದಿಲ್ಲ, ಮುಂದೆ ಯಾವತ್ತೂ ಇಲ್ಲಿ ಕಾಫಿ ಹರವಲಾಗುವುದಿಲ್ಲ ಎಂದ. ಗೊತ್ತು ಎಂದಳು. ರಸ್ತೆಯಲ್ಲಿ ಹೋಗುವವರು ಗೋಣಿಚೀಲ ಎತ್ತಿ ಹಿಡಿದು ನಿಂತ ಮೇಸ್ತ್ರಿಯನ್ನು ನೋಡಿ ನಿಂತು ನಿಂತು ಹೋದರು. ಅವನು ಅಲ್ಲಾಡಲಿಲ್ಲ.

ನೆರಳು ಬಂದು ಅವಳ ಮುಖದ ಮೇಲೆ, ಮಡಿಲ ಮೇಲೆ, ಲೋಟದ ಮೇಲೆ ಬಿತ್ತು. ಬಲಕ್ಕೆ ರಸ್ತೆ ಕಾಣುತ್ತಿತ್ತು, ಅದರ ಮೇಲೆ ಗಿರಿ. ಸಸಿ ಇದ್ದದ್ದು ಒಂದು ಗೇಣು. ಮಳೆ ಬೀಳುವ ತನಕ ಡಬ್ಬಿಯಲ್ಲೇ ಇರಬೇಕು. ಆಮೇಲೆ ಬೇರು ಹಿಡಿದು, ಎದ್ದು, ಇಷ್ಟು ನೆರಳು ಕೊಡುವ ಹೊತ್ತಿಗೆ ಅವಳಿಗೆ ಎಪ್ಪತ್ತು ದಾಟಿರುತ್ತದೆ. ಅವಳು ಆ ಲೆಕ್ಕವನ್ನು ಒಮ್ಮೆ ಮಾಡಿದಳು, ಎರಡನೇ ಸಲ ಮಾಡಲಿಲ್ಲ.

"ಇಲ್ಲೇನಾ? ಸುಣ್ಣ ಹಾಕ್ಲಾ?" ಎಂದು ಕೇಳಿದ ಮೂರ್ತಿ. ಗಳುವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡ.

"ಇಲ್ಲೇ" ಎಂದಳು ಸಿದ್ದಗಂಗಮ್ಮ. "ಹಂಗೇ ನಿಂತಿರಿ. ಕಾಫಿ ಮುಗೀಲಿ."